ಚಿತ್ರದೊಳಗಿನ ಮೂಕಚಿತ್ರ: ಜಪಾನಿನ ಹಳೆಯ ಸಿನಿಮಾಗಳನ್ನು ಗುರುತಿಸುವ ಕ್ರಮ

ಜಪಾನಿನ ನಿರ್ದೇಶಕ ಮಸಯುಕಿ ಸುವೊ ಅವರು 2019ರಲ್ಲಿ ತೆರೆಗೆ ತಂದ 'ಕಾತ್ಸುಬೆನ್!' ಎಂಬ ಚಿತ್ರದ ಕಥೆ ತೈಶೊ ಯುಗಕ್ಕೆ, ಅಂದರೆ 1912ರಿಂದ 1926ರವರೆಗಿನ ಕಾಲಕ್ಕೆ ಸೇರಿದುದು. ಸಣ್ಣ ಊರಿನ ಚಿತ್ರಮಂದಿರ, ತುಂಬಿದ ಪ್ರೇಕ್ಷಕವರ್ಗ, ತೆರೆಯ ಮೇಲೆ ಕಪ್ಪುಬಿಳುಪಿನ ಮೂಕಚಿತ್ರ, ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳಿಗೂ ದನಿಯಾಗುವ ನಿರೂಪಕ. ಈ ನಿರೂಪಕನನ್ನು ಜಪಾನೀಯರು 'ಬೆನ್ಶಿ' ಎಂದು ಕರೆಯುತ್ತಾರೆ. ಚಿತ್ರವನ್ನು ನೋಡುವ ಯಾವ ವಿದ್ಯಾರ್ಥಿಗಾದರೂ ಒಂದು ಪ್ರಶ್ನೆ ಏಳುವುದು ಸಹಜ: ಆ ತೆರೆಯ ಮೇಲೆ ಓಡುತ್ತಿರುವ ಚಿತ್ರ ಯಾವುದು? ಅದು ನಿಜವಾಗಿಯೂ ಆ ಕಾಲದ್ದೇ, ಅಥವಾ ಈಗ ಹೊಸದಾಗಿ ಚಿತ್ರಿಸಿದ್ದೇ?

ಮೇಲುನೋಟಕ್ಕೆ ಇದು ಕುತೂಹಲದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇತಿಹಾಸದ ದೃಷ್ಟಿಯಿಂದ ಇದು ಪ್ರಮಾಣದ ಪ್ರಶ್ನೆ. ಜಪಾನಿನ ಮೂಕಚಿತ್ರಗಳಲ್ಲಿ ಇಂದು ಉಳಿದಿರುವುದು ಬಹಳ ಸ್ವಲ್ಪ. ಹೀಗೆ ಬಹುಪಾಲು ನಷ್ಟವಾದ ಒಂದು ಪರಂಪರೆಯಲ್ಲಿ, ಅನುಕರಣವನ್ನು ಮೂಲವೆಂದು ಬಗೆದರೆ ಇಲ್ಲದ ಸಾಕ್ಷ್ಯವೊಂದು ಹುಟ್ಟಿಕೊಳ್ಳುತ್ತದೆ. ಮೂಲದ ತುಣುಕನ್ನು ಅನುಕರಣವೆಂದು ತಳ್ಳಿಹಾಕಿದರೆ ಇದ್ದ ಸಾಕ್ಷ್ಯವೂ ಕೈಬಿಟ್ಟುಹೋಗುತ್ತದೆ. ಈ ಎರಡು ದೋಷಗಳಿಂದ ಪಾರಾಗುವ ಕ್ರಮವೊಂದನ್ನು ಇಲ್ಲಿ ವಿವೇಚಿಸಲಾಗಿದೆ.

ನಷ್ಟದ ಹಿನ್ನೆಲೆ

ಜಪಾನೀಯರೇ ತೆಗೆದ ಚಿತ್ರಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು 1899ರಲ್ಲಿ ತ್ಸುನೆಕಿಚಿ ಶಿಬತ ಅವರು ಚಿತ್ರಿಸಿದ 'ಮೊಮಿಜಿಗರಿ'. ಒಂಬತ್ತನೆಯ ದಂಜುರೊ ಮತ್ತು ಐದನೆಯ ಕಿಕುಗೊರೊ ಎಂಬ ಕಬುಕಿ ನಟರ ಅಭಿನಯ ಅದರಲ್ಲಿದೆ. 2009ರಲ್ಲಿ ಜಪಾನ್ ಸರಕಾರವು ಅದನ್ನು ಮಹತ್ತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಆ ಮನ್ನಣೆಗೆ ಪಾತ್ರವಾದ ಮೊದಲ ಚಲನಚಿತ್ರ ಅದು. ಆದರೆ ಅದರ ಬಳಿಕದ ಮೂರು ದಶಕಗಳ ಚಿತ್ರಗಳಲ್ಲಿ ಹೆಚ್ಚಿನವು ಅಳಿದುಹೋದವು. ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವ, ತಾನಾಗಿಯೇ ಕೊಳೆಯುವ ವಸ್ತು. 1923ರ ಸೆಪ್ಟೆಂಬರ್ 1ರ ಕಾಂಟೊ ಭೂಕಂಪ ಮತ್ತು ಅದರ ಬೆನ್ನಿಗೇ ಹಬ್ಬಿದ ಬೆಂಕಿ ಟೋಕಿಯೊ ನಗರದ ದಾಸ್ತಾನುಗಳನ್ನು ನಾಶಮಾಡಿದವು. ಉಳಿದವುಗಳಲ್ಲಿ ಹಲವು ಎರಡನೆಯ ಮಹಾಯುದ್ಧದ ಬಾಂಬುದಾಳಿಗೆ ಆಹುತಿಯಾದವು. ಓಡಿಸಿ ಓಡಿಸಿ ಸವೆದ ಪ್ರತಿಗಳನ್ನು ಕಾಪಾಡಬೇಕೆಂಬ ಎಚ್ಚರ ಅಂದಿನ ವ್ಯಾಪಾರಿಗಳಿಗೆ ಇರಲಿಲ್ಲ.

ದೊಡ್ಡ ಕಣ್ಣುಗಳಿಂದಲೇ ಪ್ರಸಿದ್ಧನಾದ ನಟ ಮತ್ಸುನೊಸುಕೆ ಒನೊಎ 1926ರಲ್ಲಿ ತೀರಿಕೊಳ್ಳುವ ವೇಳೆಗೆ ಸುಮಾರು ಸಾವಿರ ಚಿತ್ರಗಳಲ್ಲಿ ನಟಿಸಿದ್ದನೆಂದು ಹೇಳಲಾಗುತ್ತದೆ. ಇಂದು ನಾವು ನೋಡಬಹುದಾದವು ಕೆಲವೇ ಕೆಲವು. 1921ರ 'ಗೋಕೆತ್ಸು ಜಿರಾಯಿಯ' ಅವುಗಳಲ್ಲೊಂದು. ಯಸುಜಿರೊ ಓಜು ಅವರ ಮೊದಲ ಚಿತ್ರವೂ, ಪ್ರಾಚೀನ ಕಥಾವಸ್ತುವಿನ ಅವರ ಏಕೈಕ ಚಿತ್ರವೂ ಆದ 1927ರ 'ಜಾಂಗೆ ನೊ ಯಾಯಿಬ' ಇಂದು ಇಲ್ಲ.

ನಾಲ್ಕು ನಿಕ್ಷೇಪಗಳು

ಇಂತಹ ಸಂದರ್ಭದಲ್ಲಿ 'ಇದು ಇಂಥ ಚಿತ್ರ' ಎಂದು ಹೇಳುವಾಗ ನಾವು ಯಾವ ಅರ್ಥದಲ್ಲಿ ಹೇಳುತ್ತಿದ್ದೇವೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಇದಕ್ಕೆ ಜೈನ ಶಾಸ್ತ್ರದ ನಿಕ್ಷೇಪ ವಿಚಾರವು ಒಳ್ಳೆಯ ಉಪಕರಣವೆಂದು ನನ್ನ ಭಾವನೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಹೇಳಿರುವಂತೆ, ಒಂದು ಶಬ್ದವು ಒಂದು ವಸ್ತುವಿಗೆ ನಾಲ್ಕು ಬಗೆಯಲ್ಲಿ ಸಲ್ಲಬಹುದು: ನಾಮ, ಸ್ಥಾಪನಾ, ದ್ರವ್ಯ ಮತ್ತು ಭಾವ. ಗುಣವಿಲ್ಲದಿದ್ದರೂ ಬರಿಯ ಹೆಸರಿನಿಂದ ಒಬ್ಬನನ್ನು ಇಂದ್ರನೆಂದು ಕರೆಯುವುದು ನಾಮ. ಮರದಲ್ಲೋ ಚಿತ್ರದಲ್ಲೋ ಇಂದ್ರನನ್ನು ಆರೋಪಿಸಿ ಇವನೇ ಆತನೆಂದು ಭಾವಿಸುವುದು ಸ್ಥಾಪನಾ. ಹಿಂದೆ ಆಗಿದ್ದುದನ್ನು ಅಥವಾ ಮುಂದೆ ಆಗಲಿರುವುದನ್ನು ಆ ಹೆಸರಿನಿಂದ ಕರೆಯುವುದು ದ್ರವ್ಯ. ಈ ಕ್ಷಣದಲ್ಲಿ ಆ ಪರ್ಯಾಯದಲ್ಲಿಯೇ ಇರುವುದು ಭಾವ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಭೇದಗಳನ್ನು ವಿವರಿಸಿದ್ದಾರೆ. ಅಪ್ರಸ್ತುತವಾದ ಅರ್ಥವನ್ನು ನಿವಾರಿಸಿ ಪ್ರಸ್ತುತವಾದುದನ್ನು ನಿರೂಪಿಸುವುದೇ ಇದರ ಪ್ರಯೋಜನ. ಚಿತ್ರದೊಳಗಿನ ಚಿತ್ರವನ್ನು ಗುರುತಿಸುವವನಿಗೂ ಬೇಕಾದುದು ಇದೇ.

ನಾಮ: ಹೆಸರು ಮಾತ್ರ ನಿಜ

ಯೋಜಿ ಯಮದ ಅವರ 'ಕಿನೆಮಾ ನೊ ತೆಂಚಿ' ಎಂಬ ಚಿತ್ರ 1986ರಲ್ಲಿ ಬಂದಿತು. ಅದು ಶೋಚಿಕು ಸಂಸ್ಥೆಯ ಕಾಮತ ಸ್ಟುಡಿಯೊದಲ್ಲಿ 1930ರ ದಶಕದ ಮೊದಲ ಭಾಗದಲ್ಲಿ ನಡೆಯುವ ಕಥೆ. ಕೊಹಾರು ಎಂಬ ಅದರ ನಾಯಕಿ ನಟಿ ಕಿನುಯೊ ತನಾಕ ಅವರನ್ನು ನೆನಪಿಸುತ್ತಾಳೆ. ಅವಳಿಗೆ ಕೀರ್ತಿ ತರುವ ಚಿತ್ರದ ಹೆಸರು 'ಉಕಿಗುಮೊ'. ಜಪಾನೀ ಸಾಹಿತ್ಯ ಬಲ್ಲವರಿಗೆ ಈ ಹೆಸರು ಪರಿಚಿತ: ಫುತಾಬತೆಯಿ ಶಿಮೆಯಿ 1887ರಲ್ಲಿ ಪ್ರಕಟಿಸತೊಡಗಿದ ಕಾದಂಬರಿಯದೂ ಅದೇ ಹೆಸರು, ಫುಮಿಕೊ ಹಯಾಶಿ ಯುದ್ಧಾನಂತರ ಬರೆದ ಕಾದಂಬರಿಯದೂ ಅದೇ ಹೆಸರು, ಅದನ್ನು ಆಧರಿಸಿ ಮಿಕಿಯೊ ನರುಸೆ 1955ರಲ್ಲಿ ತೆಗೆದ ಚಿತ್ರದ್ದೂ ಅದೇ ಹೆಸರು. ಆದರೆ ಕೊಹಾರು ನಟಿಸುವ 'ಉಕಿಗುಮೊ' ಯಮದ ಅವರ ಕಥೆಗಾಗಿ ಕಲ್ಪಿತವಾದುದು. ಹೆಸರನ್ನು ಹಿಡಿದು ಹೊರಟ ವಿದ್ಯಾರ್ಥಿ ಇಲ್ಲಿ ದಾರಿ ತಪ್ಪುವುದು ಖಂಡಿತ.

ಇದಕ್ಕೆ ವಿಲೋಮವಾದ ತೊಡಕೂ ಉಂಟು. ಕುನಿಸದ ಚೂಜಿ ಎಂಬ ಜೂಜುಗಾರ ವೀರನ ಕಥೆ, 47 ನಿಷ್ಠ ಸಮುರಾಯಿಗಳ 'ಚೂಶಿಂಗುರ', ಓಜಾಕಿ ಕೋಯೊ ಅವರ ಕಾದಂಬರಿ 'ಕೊಂಜಿಕಿ ಯಾಶ' ಇವೆಲ್ಲ ಮೂಕಚಿತ್ರಗಳ ಕಾಲದಲ್ಲಿ ಮತ್ತೆ ಮತ್ತೆ ಚಿತ್ರಿತವಾದವು. ತೆರೆಯ ಮೇಲೆ ಚೂಜಿ ಕಂಡ ಮಾತ್ರಕ್ಕೆ ಅದು ದೈಸುಕೆ ಇತೊ ಅವರ ಪ್ರಸಿದ್ಧ 'ಚೂಜಿ ತಬಿನಿಕ್ಕಿ' ಆಗಲಾರದು. ಆ ಚಿತ್ರ ಬಂದುದು 1927ರಲ್ಲಿ. ಕಥೆ 1925ರಲ್ಲಿ ನಡೆಯುತ್ತಿದ್ದರೆ, ನಿರ್ದೇಶಕ ಕಾಲವನ್ನು ಪಾಲಿಸಿದ್ದಾನೆಂದು ನಂಬುವ ಪಕ್ಷದಲ್ಲಿ, ಅದು ಬೇರೊಂದು ಚೂಜಿ ಚಿತ್ರವಾಗಿರಲೇಬೇಕು. ನಮ್ಮಲ್ಲಿ ಕರ್ಣಪಾರ್ಯನೂ ನೇಮಿಚಂದ್ರನೂ ನೇಮಿನಾಥ ತೀರ್ಥಂಕರನ ಕಥೆಯನ್ನೇ ಬರೆದಿದ್ದಾರೆ. ಕಥಾವಸ್ತುವನ್ನು ಮಾತ್ರ ನೋಡಿ ಒಂದು ಬಿಡಿಪದ್ಯದ ಕರ್ತೃವನ್ನು ನಿರ್ಣಯಿಸಲು ಯಾವ ಸಂಪಾದಕನೂ ಮುಂದಾಗಲಾರ.

ಸ್ಥಾಪನಾ: ಪ್ರತಿಕೃತಿಯಲ್ಲಿ ಮೂಲದ ಆರೋಪ

'ಕಾತ್ಸುಬೆನ್!' ಚಿತ್ರದಲ್ಲಿ ಕಾಣುವ ಮೂಕಚಿತ್ರಗಳು ಈ ವರ್ಗಕ್ಕೆ ಸೇರುತ್ತವೆ. ಸುವೊ ಅವರು ಹಳೆಯ ಚಿತ್ರಗಳನ್ನು ಎರವಲು ತರಲಿಲ್ಲ. ಅವುಗಳ ಶೈಲಿಯಲ್ಲಿ ಹೊಸದಾಗಿ ಚಿತ್ರಿಸಿದರು. ಇದಕ್ಕೆ ಸಾಕ್ಷ್ಯ ಚಿತ್ರದಲ್ಲಿಯೇ ಇದೆ. ಒಳಚಿತ್ರಗಳಲ್ಲಿ ನಟಿಸಿದವರಲ್ಲಿ ತಮಿಯೊ ಕುಸಾಕರಿ ಒಬ್ಬರು. ಅವರು ಸುವೊ ಅವರ ಪತ್ನಿ, 1996ರ 'ಶಲ್ ವಿ ಡಾನ್ಸ್?' ಚಿತ್ರದ ನಾಯಕಿ. ಇಂದಿನ ಬೆನ್ಶಿಗಳಾದ ರಾಯ್ಕೊ ಸಕಾಮೊತೊ ಮತ್ತು ಇಚಿರೊ ಕತಾವೊಕ ನಟರಿಗೆ ನಿರೂಪಣೆಯನ್ನು ಕಲಿಸಿಕೊಟ್ಟರು. ನಿರ್ದೇಶಕರಾದ ಶೋಜೊ ಮಕಿನೊ ಮತ್ತು ಬುಂತಾರೊ ಫುತಾಗಾವ ಎಂಬ ಐತಿಹಾಸಿಕ ವ್ಯಕ್ತಿಗಳು ಪಾತ್ರಗಳಾಗಿ ಬರುತ್ತಾರೆ. ಆದ್ದರಿಂದ ಸುತ್ತಲಿನ ಇತಿಹಾಸ ನಿಜ, ತೆರೆಯ ಮೇಲಿನ ಬಿಂಬ ಮಾತ್ರ ಪ್ರತಿಕೃತಿ. ಇತಿಹಾಸದ ಈ ದಟ್ಟಣೆಯೇ ನೋಡುಗನನ್ನು ಮೂಲವೆಂದು ನಂಬಿಸುವ ಕಾರಣವೂ ಹೌದು.

ಸ್ಥಾಪನೆಯಲ್ಲಿ ಎರಡು ಬಗೆ: ಮೂಲದ ಆಕಾರವನ್ನೇ ಹೋಲುವ ತದಾಕಾರ, ಹೋಲದೆ ಸಂಕೇತ ಮಾತ್ರವಾಗಿರುವ ಅತದಾಕಾರ. ಚದುರಂಗದ ಕಾಯಿಯನ್ನು ಆನೆಯೆಂದೂ ಕುದುರೆಯೆಂದೂ ಕರೆಯುವುದು ಎರಡನೆಯದಕ್ಕೆ ನಿದರ್ಶನ. ಉಳಿದಿರುವ ಹಳೆಯ ಚಿತ್ರವೊಂದರ ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ಅನುಸರಿಸಿದ ಮರುಚಿತ್ರಣ ತದಾಕಾರ. ಯಾವ ಒಂದು ಚಿತ್ರವನ್ನೂ ಅನುಸರಿಸದೆ ಒಂದು ಯುಗದ ಚಿತ್ರಗಳಿಗೆಲ್ಲ ಪ್ರತಿನಿಧಿಯಾಗಿ ನಿಲ್ಲುವುದು ಅತದಾಕಾರ. ಕೈಜೊ ಹಯಾಶಿ ಅವರು 1986ರಲ್ಲಿ ತೆಗೆದ 'ಯುಮೆಮಿರು ಯೋನಿ ನೆಮುರಿತಾಯ್' ಇದಕ್ಕೆ ಉತ್ತಮ ಉದಾಹರಣೆ. ವೃದ್ಧ ನಟಿಯೊಬ್ಬಳು ತನ್ನ ಮಗಳನ್ನು ಹುಡುಕಿಕೊಡಲು ಪತ್ತೇದಾರರನ್ನು ನೇಮಿಸುತ್ತಾಳೆ; ಹುಡುಕಾಟವು ಅಂತ್ಯದೃಶ್ಯವೇ ಇಲ್ಲದ 'ನಿತ್ಯ ರಹಸ್ಯ' ಎಂಬರ್ಥದ ಹೆಸರಿನ ಹಳೆಯ ಮೂಕಚಿತ್ರವೊಂದರತ್ತ ಒಯ್ಯುತ್ತದೆ. ಆ ಹಳೆಯ ಚಿತ್ರ ಎಂದೂ ಇರಲಿಲ್ಲ. ಆದರೆ ಕಥೆಯಲ್ಲಿ ಬರುವ 'ಎಂ. ಪಾಥೆ' ಎಂಬ ಹೆಸರು ಇತಿಹಾಸದಲ್ಲಿದೆ: 1912ರಲ್ಲಿ ಒಂದಾಗಿ ನಿಕ್ಕತ್ಸು ಎನಿಸಿಕೊಂಡ ನಾಲ್ಕು ಕಂಪನಿಗಳಲ್ಲಿ ಅದೂ ಒಂದು. ವೃದ್ಧ ನಟಿಯಾಗಿ ನಟಿಸಿದ ಫುಜಿಕೊ ಫುಕಮಿಜು ಯುದ್ಧಪೂರ್ವದ ನಿಜವಾದ ತಾರೆ. ಸದಾವೊ ಯಮನಾಕ ಅವರ 1935ರ ತಂಗೆ ಸಾಜೆನ್ ಚಿತ್ರದಲ್ಲಿ ಅವರಿದ್ದಾರೆ. ಹೀಗೆ ನಿಜವಾದ ಹೆಸರು, ನಿಜವಾದ ಮುಖ, ಕಲ್ಪಿತವಾದ ಚಿತ್ರ ಈ ಮೂರೂ ಒಂದೆಡೆ ಸೇರಿವೆ.

ದ್ರವ್ಯ: ಉಳಿದಿರುವ ತುಣುಕು

ಹಳೆಯ ಫಿಲ್ಮಿನ ತುಣುಕನ್ನೇ ಹೊಸ ಚಿತ್ರದೊಳಗೆ ಸೇರಿಸಿದಾಗ ಅದು ದ್ರವ್ಯನಿಕ್ಷೇಪ. ಮೂಕಚಿತ್ರಗಳ ಕಾಲದಲ್ಲಿಯೇ ಓಜು ತಮ್ಮ 1933ರ 'ಟೋಕಿಯೊ ನೊ ಒನ್ನ' ಚಿತ್ರದಲ್ಲಿ ಅಮೆರಿಕದ 'ಇಫ್ ಐ ಹ್ಯಾಡ್ ಎ ಮಿಲಿಯನ್' (1932) ಚಿತ್ರದ ಭಾಗವೊಂದನ್ನು ತೋರಿಸಿದರು. ಮೂಲ ಉಳಿದಿರುವುದರಿಂದ ಅಲ್ಲಿ ತಾಳೆ ನೋಡುವುದು ಸುಲಭ. ನಿರೂಪಕ ಶುನ್ಸುಯಿ ಮತ್ಸುದ ಅವರು 1980ರಲ್ಲಿ ನಟ ತ್ಸುಮಸಬುರೊ ಬಾಂದೊ ಅವರ ಜೀವನವನ್ನು ಕುರಿತು ತೆಗೆದ ಸಾಕ್ಷ್ಯಚಿತ್ರದಲ್ಲಿ 1925ರ 'ಒರೊಚಿ' ಮೊದಲಾದ ಚಿತ್ರಗಳ ನಿಜವಾದ ಭಾಗಗಳಿವೆ. ಮೂಲವನ್ನೂ ಮರುಚಿತ್ರಣವನ್ನೂ ಒಂದೇ ಕಡೆ ಪ್ರಾಮಾಣಿಕವಾಗಿ ಇರಿಸಿದ ಮಾದರಿಯನ್ನು ನೋಡಬೇಕಾದರೆ ಜಪಾನಿನ ನೆರೆಗೆ ಹೋಗಬೇಕು. ಶಾಂಘಾಯಿಯ ಮೂಕಚಿತ್ರ ನಟಿ ರುವಾನ್ ಲಿಂಗ್‌ಯು ಅವರನ್ನು ಕುರಿತು ಹಾಂಗ್‌ಕಾಂಗಿನ ಸ್ಟ್ಯಾನ್ಲಿ ಕ್ವಾನ್ ತೆಗೆದ 'ಸೆಂಟರ್ ಸ್ಟೇಜ್' ಚಿತ್ರವು ಉಳಿದಿರುವ ಚಿತ್ರಗಳ ತುಣುಕುಗಳನ್ನು ತೋರಿಸುತ್ತದೆ. ಉಳಿಯದವನ್ನು ಹೊಸದಾಗಿ ಅಭಿನಯಿಸಿ ತೋರಿಸಿ, ಮೂಲ ಈಗ ಇಲ್ಲವೆಂದು ತಿಳಿಸುತ್ತದೆ. ಇತಿಹಾಸಕಾರನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ದ್ರವ್ಯವೆಂದರೆ ಪೂರ್ಣತೆಯಲ್ಲ ಎಂಬುದನ್ನೂ ನೆನಪಿಡಬೇಕು. 'ಚೂಜಿ ತಬಿನಿಕ್ಕಿ' ನಷ್ಟವಾಯಿತೆಂದೇ ನಂಬಲಾಗಿತ್ತು. 1991ರಲ್ಲಿ ಹಿರೋಶಿಮದಲ್ಲಿ ಅದರ ಭಾಗಗಳು ದೊರೆತವು. ತೈನೊಸುಕೆ ಕಿನುಗಾಸ ತಮ್ಮ 1926ರ 'ಕುರುತ್ತ ಇಪ್ಪೇಜಿ' ಚಿತ್ರದ ಪ್ರತಿಯನ್ನು 1971ರಲ್ಲಿ ತಮ್ಮ ಮನೆಯ ಉಗ್ರಾಣದಲ್ಲಿಯೇ ಕಂಡುಕೊಂಡರು. ಬಳಿಕ ಸಂಗೀತವನ್ನು ಕೂಡಿಸಿ ಅದನ್ನು ಬಿಡುಗಡೆ ಮಾಡಲಾಯಿತು. ಓಜು ಅವರ 1929ರ 'ತೊಕ್ಕನ್ ಕೊಜೊ' ಮನೆಬಳಕೆಗೆಂದು ಸಂಗ್ರಹಿಸಿದ 9.5 ಮಿಲಿಮೀಟರಿನ ಸಣ್ಣ ಪ್ರತಿಯಿಂದ ನಮಗೆ ದಕ್ಕಿದೆ. ಇವೆಲ್ಲಕ್ಕಿಂತ ವಿಚಿತ್ರವಾದುದು ಆಟಿಕೆ ಫಿಲ್ಮುಗಳ ಸಂಗತಿ. ಚಿತ್ರಮಂದಿರಗಳಲ್ಲಿ ಓಡಿ ಸವೆದ ಪ್ರತಿಗಳನ್ನು ಕತ್ತರಿಸಿ, ಕತ್ತಿಕಾಳಗದಂತಹ ರೋಚಕ ಭಾಗಗಳನ್ನು ಮಕ್ಕಳ ಕೈಯಂತ್ರಗಳಿಗಾಗಿ ಮಾರುತ್ತಿದ್ದರು. ಒಂದೆರಡು ನಿಮಿಷದ ಈ ತುಣುಕುಗಳೇ ಕೆಲವು ಚಿತ್ರಗಳ ಏಕೈಕ ಅವಶೇಷ. 2015ರಲ್ಲಿ ಕ್ಯೋಟೊ ನಗರದಲ್ಲಿ ಇವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊಸ ಅನುಭವವಲ್ಲ. ಮೊದಲನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ' ಇಂದು ಇಲ್ಲ. ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ', ಆತನ ಮಗ ಕೇಶಿರಾಜನ 'ಶಬ್ದಮಣಿದರ್ಪಣ' ಮೊದಲಾದ ಗ್ರಂಥಗಳಲ್ಲಿ ಉದ್ಧೃತವಾದ ಪದ್ಯಗಳಿಂದ ಮಾತ್ರ ಅವನ ಕವಿತ್ವದ ಪರಿಚಯ ನಮಗಾಗುತ್ತದೆ. ಮಲ್ಲಿಕಾರ್ಜುನನು ವರ್ಣನೆಗಾಗಿ ಆಯ್ದುಕೊಂಡ, ಕೇಶಿರಾಜನು ವ್ಯಾಕರಣಕ್ಕಾಗಿ ಆಯ್ದುಕೊಂಡ. ಆಟಿಕೆ ಫಿಲ್ಮಿನ ವ್ಯಾಪಾರಿ ಕಾಳಗಕ್ಕಾಗಿ ಆಯ್ದುಕೊಂಡ. ಆಯ್ದವನ ಉದ್ದೇಶವನ್ನು ಅರಿಯದೆ ತುಣುಕಿನಿಂದ ಇಡೀ ಕೃತಿಯ ಸ್ವರೂಪವನ್ನು ಊಹಿಸುವುದು ಎರಡೂ ಕಡೆ ಅಪಾಯಕರ. ಮೂಕಚಿತ್ರಗಳೆಲ್ಲ ಕತ್ತಿಕಾಳಗವೇ ಆಗಿದ್ದವೆಂಬ ಭ್ರಮೆಗೆ ಇಂತಹ ಆಯ್ಕೆಯೂ ಒಂದು ಕಾರಣ.

ಲಕ್ಷಣ ಪರೀಕ್ಷೆ

ಒಳಚಿತ್ರವು ಸ್ಥಾಪನೆಯೋ ದ್ರವ್ಯವೋ ಎಂಬುದನ್ನು ನಿರ್ಣಯಿಸಲು ಕೆಲವು ಲಕ್ಷಣಗಳು ನೆರವಾಗುತ್ತವೆ.

ಮೊದಲನೆಯದು ಹೊರಚಿತ್ರದ ಕೊನೆಯ ನಾಮಾವಳಿ. ಹಳೆಯ ದೃಶ್ಯಗಳನ್ನು ಒದಗಿಸಿದ ಸಂಗ್ರಹಾಲಯದ ಹೆಸರಿದೆಯೇ, ಅಥವಾ ಒಳಚಿತ್ರದ ಪಾತ್ರಗಳಿಗೆ ಇಂದಿನ ನಟರ ಹೆಸರಿದೆಯೇ ಎಂದು ನೋಡಬೇಕು. ಇದು ನಮ್ಮ ಹಸ್ತಪ್ರತಿಗಳ ಪುಷ್ಪಿಕೆಯನ್ನು ಓದಿದಂತೆ. ಮೊದಲು ನೋಡಬೇಕಾದುದನ್ನು ಹಲವರು ಕೊನೆಗೂ ನೋಡುವುದಿಲ್ಲ.

ಎರಡನೆಯದು ಲಿಪಿ. 1946ರ ಸುಧಾರಣೆಯ ತರುವಾಯ ಜಪಾನಿನಲ್ಲಿ ಅಕ್ಷರಗಳ ರೂಪವೂ ಕಾನಾ ಬರವಣಿಗೆಯ ಕ್ರಮವೂ ಬದಲಾದವು. ಯುದ್ಧಪೂರ್ವದಲ್ಲಿ ಅಡ್ಡಸಾಲುಗಳನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಶೀರ್ಷಿಕಾಫಲಕದಲ್ಲಿ ಸರಳೀಕೃತ ಅಕ್ಷರ ಕಂಡರೆ ಆ ಫಲಕ ಈಚಿನದು. ಆದರೆ ಫಲಕ ಹೊಸದೆಂದ ಮಾತ್ರಕ್ಕೆ ಬಿಂಬವೂ ಹೊಸದೆನ್ನುವಂತಿಲ್ಲ. ಹಳೆಯ ಚಿತ್ರಕ್ಕೆ ಮರುಬಿಡುಗಡೆಯಲ್ಲಿ ಹೊಸ ಫಲಕ ಸೇರಿಸಿರಬಹುದು.

ಮೂರನೆಯದು ಸ್ತ್ರೀಪಾತ್ರ. 1910ರ ದಶಕದ ಜಪಾನೀ ಚಿತ್ರಗಳಲ್ಲಿ ಬಹುಮಟ್ಟಿಗೆ 'ಒನ್ನಗತ' ಎನಿಸಿಕೊಂಡ ಪುರುಷನಟರೇ ಸ್ತ್ರೀಪಾತ್ರಗಳನ್ನು ಮಾಡುತ್ತಿದ್ದರು. ನಟಿಯರು ಆ ಸ್ಥಾನವನ್ನು ಪಡೆದುದು ದಶಕದ ಕೊನೆಯಿಂದ 1923ರ ಆಸುಪಾಸಿನವರೆಗಿನ ಬದಲಾವಣೆಯಲ್ಲಿ. ಅಂದಿನ ಚಿತ್ರಗಳಲ್ಲಿ ಕ್ಯಾಮರಾ ದೂರದಲ್ಲಿ ನಿಂತು ರಂಗಭೂಮಿಯನ್ನು ನೋಡುವಂತೆ ನೋಡುತ್ತಿತ್ತು. ನಿರೂಪಕನಿದ್ದ ಕಾರಣ ಫಲಕಗಳೂ ವಿರಳವಾಗಿದ್ದವು. 1915ರದೆಂದು ತೋರಿಸುವ ಚಿತ್ರದಲ್ಲಿ ನಟಿಯ ಸಮೀಪದೃಶ್ಯಗಳು ತುಂಬಿದ್ದರೆ ಸಂಶಯಪಡಬೇಕು.

ನಾಲ್ಕನೆಯದು ಫಿಲ್ಮಿನ ದೇಹಲಕ್ಷಣ. ಮೂಕಚಿತ್ರಗಳನ್ನು ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳ ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ ತೆಗೆಯುತ್ತಿದ್ದರು. 24ರ ವೇಗದಲ್ಲಿ ಓಡಿಸಿದಾಗ ನಡಿಗೆ ಚುರುಕಾಗುತ್ತದೆ. ಧ್ವನಿಪಟ್ಟಿಯನ್ನು ಸೇರಿಸಿ ಮರುಮುದ್ರಿಸಿದ ಪ್ರತಿಯಲ್ಲಿ ಎಡ ಅಂಚು ಕತ್ತರಿಸಿಹೋಗಿ ಬಿಂಬ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಅನುಕರಿಸುವವನು ಈ ದೋಷವನ್ನು ಬೇಕೆಂದು ಮಾಡುವುದು ಅಪರೂಪ. ನಿಜವಾದ ಗೀರು ಹಲವು ಚೌಕಟ್ಟುಗಳವರೆಗೆ ಒಂದೇ ಸ್ಥಳದಲ್ಲಿ ಉದ್ದಕ್ಕೆ ಸಾಗುತ್ತದೆ; ಕೃತಕ ಗೀರು ಅಲಂಕಾರದಂತೆ ಅಲ್ಲಲ್ಲಿ ಉದುರುತ್ತದೆ.

ಐದನೆಯದು ಹೊರಗಿನ ದಾಖಲೆ. 1919ರಲ್ಲಿ ಆರಂಭವಾದ 'ಕಿನೆಮಾ ಜುಂಪೊ' ಪತ್ರಿಕೆಯ ಕಥಾಸಾರಗಳು ಮತ್ತು ಸ್ಥಿರಚಿತ್ರಗಳು, 1925ರಿಂದ ಗೃಹಖಾತೆ ನಡೆಸಿದ ಸೆನ್ಸಾರಿನ ದಾಖಲೆಗಳಲ್ಲಿ ಬರುವ ಮೀಟರು ಲೆಕ್ಕದ ಉದ್ದ ಇವು ಬಹಳ ಬೆಲೆಯುಳ್ಳವು. ಹೆಸರುಗಳ ವಿಷಯದಲ್ಲಿ ಇಲ್ಲಿಯೂ ಎಚ್ಚರ ಬೇಕು. ಫುತಾಗಾವ ಅವರ 'ಒರೊಚಿ'ಗೆ ಮೊದಲು ಇಟ್ಟಿದ್ದ ಹೆಸರು 'ದುರ್ವೃತ್ತ' ಎಂಬರ್ಥದ್ದು. ಸೆನ್ಸಾರಿನ ಕಾರಣದಿಂದ ಅದು ಬದಲಾಯಿತು.

ಒಂದೇ ಲಕ್ಷಣದಿಂದ ನಿರ್ಣಯಿಸಬಾರದು. ಸ್ವತಂತ್ರವಾದ ಎರಡು ಮೂರು ಲಕ್ಷಣಗಳು ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಹೆಸರನ್ನು ಹೇಳಬಹುದು.

ಭಾವ: ಮರಳಿ ಬಾರದುದು

ಇಷ್ಟೆಲ್ಲ ಪರೀಕ್ಷೆಯ ಬಳಿಕವೂ ಉಳಿಯುವ ಒಂದು ಸಂಗತಿಯಿದೆ. ಮೂಕಚಿತ್ರವು ತನ್ನ ಪೂರ್ಣ ಸ್ಥಿತಿಯಲ್ಲಿ ಇದ್ದುದು ಫಿಲ್ಮಿನ ಡಬ್ಬದಲ್ಲಲ್ಲ, ಪ್ರದರ್ಶನದಲ್ಲಿ. ಬೆನ್ಶಿಯ ಕಂಠ, ವಾದ್ಯಗಳ ದನಿ, ಪ್ರೇಕ್ಷಕರ ಪ್ರತಿಕ್ರಿಯೆ ಕೂಡಿದಾಗಲೇ ಅದು ಚಿತ್ರವಾಗುತ್ತಿತ್ತು. ಒಂದೇ ಫಿಲ್ಮು ಇಬ್ಬರು ಬೆನ್ಶಿಗಳ ಬಾಯಲ್ಲಿ ಎರಡು ಕಥೆಯಾಗಬಹುದಿತ್ತು. ಮಾತಿನ ಚಿತ್ರಗಳು ಬಂದ ಮೇಲೆ ಈ ಕಲೆ ಕುಸಿಯಿತು. ಅಕಿರ ಕುರೊಸಾವ ಅವರ ಅಣ್ಣ ಹೈಗೊ ಬೆನ್ಶಿಯಾಗಿದ್ದವರು. ಆ ವೃತ್ತಿ ಮುಳುಗುತ್ತಿದ್ದ 1933ರಲ್ಲಿ ಅವರು ಪ್ರಾಣ ಕಳೆದುಕೊಂಡರು. ತಮ್ಮನ ಆತ್ಮಕಥನದಲ್ಲಿ ಆ ನಷ್ಟದ ನೆರಳು ಗಾಢವಾಗಿದೆ.

ಈ ದೃಷ್ಟಿಯಿಂದ ನೋಡಿದರೆ 'ಕಾತ್ಸುಬೆನ್!' ಚಿತ್ರಕ್ಕೆ ಬೇರೊಂದು ಬಗೆಯ ಪ್ರಾಮಾಣ್ಯವಿದೆ. ಅದರ ಕೊನೆಯ ಭಾಗದಲ್ಲಿ ಪ್ರದರ್ಶಿಸಬೇಕಾದ ಫಿಲ್ಮುಗಳು ಹಾಳಾಗುತ್ತವೆ. ಅಳಿದುಳಿದ ಬೇರೆ ಬೇರೆ ಚಿತ್ರಗಳ ಚೂರುಗಳನ್ನು ಅಂಟಿಸಿ ಓಡಿಸುತ್ತಾರೆ. ನಾಯಕನು ಆ ಹೊಂದದ ಬಿಂಬಗಳಿಗೆ ಸ್ಥಳದಲ್ಲಿಯೇ ಕಥೆ ಕಟ್ಟುತ್ತಾನೆ. ತೆರೆಯ ಮೇಲಿನ ಬಿಂಬ ಸ್ಥಾಪನೆ ಮಾತ್ರ. ಆದರೆ ಬೆನ್ಶಿಯ ಮಾತು ಚಿತ್ರವನ್ನು ಹೇಗೆ ನಿರ್ಮಿಸುತ್ತಿತ್ತೆಂಬ ತಿಳಿವಳಿಕೆ ನಿಜ. 1925ರ ಒಂದು ನಿರ್ದಿಷ್ಟ ಚಿತ್ರಕ್ಕೆ ಅದು ಸಾಕ್ಷಿಯಾಗಲಾರದು. 1925ರ ಚಿತ್ರಮಂದಿರವನ್ನು ಅರಿಯಲು ದಾರಿ ತೋರಿಸಬಲ್ಲದು. ಈ ಎರಡು ಮಾತುಗಳ ನಡುವಣ ಅಂತರವನ್ನು ಕಾಯ್ದುಕೊಳ್ಳುವುದೇ ಸಂಶೋಧಕನ ಧರ್ಮ.

ಆದುದರಿಂದ ಕಿರಿಯ ಸಂಶೋಧಕರಲ್ಲಿ ಒಂದು ಬಿನ್ನಹ. ಇಂತಹ ದೃಶ್ಯವೊಂದನ್ನು ಪ್ರಬಂಧದಲ್ಲಿ ಬಳಸುವಾಗ ಅದರ ಕೆಳಗೆ ಹಳೆಯ ಚಿತ್ರದ ಹೆಸರನ್ನಷ್ಟೇ ಬರೆಯಬೇಡಿ. ಹೆಸರಿನ ಸಾಮ್ಯವೋ, ಮರುಚಿತ್ರಣವೋ, ಮೂಲದ ತುಣುಕೋ ಎಂಬುದನ್ನು ಒಂದು ಮಾತಿನಲ್ಲಿ ಸೇರಿಸಿ. ತುಣುಕಾಗಿದ್ದರೆ ಯಾವ ಪ್ರತಿಯಿಂದ ಬಂದುದೆಂದು ಹೇಳಿ. ಇಂದು ನಾವು ಅವಸರದಲ್ಲಿ ಬರೆದ ಅಡಿಬರಹವು ನಾಳೆ ಮತ್ತೊಬ್ಬರ ಆಧಾರವಾಗುತ್ತದೆ. ಕಳೆದುಹೋದ ಚಿತ್ರವೊಂದು ಹಿರೋಶಿಮದಲ್ಲಿ ದೊರೆತಂತೆ ಇನ್ನೊಂದು ಮತ್ತೆಲ್ಲಿಯೋ ದೊರೆತ ದಿನ, ಅದನ್ನು ಗುರುತಿಸಲು ಕುಳಿತವರ ಮುಂದೆ ನಮ್ಮ ತಪ್ಪು ಹೆಸರು ಅಡ್ಡವಾಗಿ ನಿಲ್ಲಬಾರದು.